ತಿಂಗಳ ಮಾತ್ರೆ ಮತ್ತು ಬಡವನ ಕಿಸೆ: ರಾಮನಗರದ ನಾಲ್ಕು ತಾಲೂಕುಗಳಿಂದ ನಮಗೊಂದು ಪಾಠ

ಕಾಯಿಲೆ ಬಡವನನ್ನು ಎರಡು ಸಲ ಹೊಡೆಯುತ್ತದೆ. ಮೊದಲ ಹೊಡೆತ ದೇಹಕ್ಕೆ, ಎರಡನೆಯದು ಕಿಸೆಗೆ. ಮೊದಲ ಹೊಡೆತಕ್ಕೆ ವೈದ್ಯರಿದ್ದಾರೆ, ಆಸ್ಪತ್ರೆಗಳಿವೆ. ಎರಡನೆಯ ಹೊಡೆತಕ್ಕೆ ಮದ್ದು ಎಲ್ಲಿದೆ? ಕಡಿಮೆ ಬೆಲೆಗೆ ಜೆನೆರಿಕ್ ಔಷಧಿ ಒದಗಿಸುವ ಸರಕಾರಿ ಯೋಜನೆಗಳು ಈ ಪ್ರಶ್ನೆಗೆ ಉತ್ತರವಾಗಿ ಹುಟ್ಟಿಕೊಂಡವು. ಅವು ಎಷ್ಟರ ಮಟ್ಟಿಗೆ ಬಡವರನ್ನು ತಲಪಿವೆ, ಎಲ್ಲಿ ಎಡವುತ್ತಿವೆ ಎಂಬುದನ್ನು ಈ ವಾರ ವಿವೇಚಿಸೋಣ.

ಇದಕ್ಕಾಗಿ ನಾವು ಕರಾವಳಿಯಿಂದ ಸ್ವಲ್ಪ ದೂರದ ಒಂದು ಜಿಲ್ಲೆಯನ್ನು ಆರಿಸಿಕೊಂಡಿದ್ದೇವೆ. ಮೈಸೂರು ಮಾರ್ಗವಾಗಿ ಬೆಂಗಳೂರಿಗೆ ಹೋಗುವ ನಮ್ಮವರಿಗೆ ರಾಮನಗರ, ಚನ್ನಪಟ್ಟಣ ಹೊಸ ಹೆಸರುಗಳಲ್ಲ. ಕನಕಪುರ ತಾಲೂಕಿನ ಹಾರೋಬೆಲೆ ನಮ್ಮ ಕಥೋಲಿಕ ಬಂಧುಗಳಿಗೆ ಪರಿಚಿತ ಊರು. ಮಾಗಡಿ ಕೆಂಪೇಗೌಡರ ಹೆಸರಿನೊಂದಿಗೆ ಸೇರಿಕೊಂಡ ನಾಡು. ಈ ನಾಲ್ಕು ತಾಲೂಕುಗಳನ್ನು ಬೆಂಗಳೂರು ಗ್ರಾಮಾಂತರದಿಂದ ಬೇರ್ಪಡಿಸಿ 2007ರಲ್ಲಿ ರಾಮನಗರ ಜಿಲ್ಲೆ ರಚಿಸಲಾಯಿತು. ಮುಂದೆ ಹಾರೋಹಳ್ಳಿಯೂ ತಾಲೂಕಾಯಿತು. 2025ರ ಮೇ ತಿಂಗಳಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ರಾಜ್ಯ ಸಚಿವ ಸಂಪುಟ ತೀರ್ಮಾನಿಸಿತು.

ಹೆಸರು ಬದಲಾದರೂ ಜನರ ದುಡಿಮೆ ಬದಲಾಗಿಲ್ಲ. ರಾಮನಗರದಲ್ಲಿ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರೇಷ್ಮೆಗೂಡಿನ ಮಾರುಕಟ್ಟೆ ಇದೆ. ಅದರ ಸುತ್ತಮುತ್ತ ಗೂಡು ಬೇಯಿಸಿ ನೂಲು ತೆಗೆಯುವ ಕಾರ್ಮಿಕರು ದಿನವಿಡೀ ಬಿಸಿ ನೀರಿನಲ್ಲಿ ಕೈ ಅದ್ದಿಕೊಂಡು, ಆವಿ ಮತ್ತು ಹೊಗೆಯ ನಡುವೆ ಕೆಲಸ ಮಾಡುತ್ತಾರೆ. ಉಬ್ಬಸ, ಕೆಮ್ಮು, ಕೈಬೆರಳುಗಳ ಚರ್ಮರೋಗ ಈ ಕಸುಬಿನ ಜೊತೆಗೇ ಬರುವ ನೆಂಟರು. ಚನ್ನಪಟ್ಟಣದಲ್ಲಿ ಮರದ ಬೊಂಬೆ ಕಡೆಯುವವರಿಗೆ ಮರದ ಧೂಳು ತಪ್ಪಿದ್ದಲ್ಲ. ಕನಕಪುರದ ಕಡೆ ಕಲ್ಲಿನ ಕ್ವಾರಿಗಳಿವೆ. ಕಲ್ಲಿನ ಧೂಳು ಶ್ವಾಸಕೋಶಕ್ಕೆ ಏನು ಮಾಡುತ್ತದೆಂಬುದು ಸರ್ವವಿದಿತ. ಮಾಗಡಿಯಲ್ಲಿ ಮಳೆಯನ್ನು ನಂಬಿದ ರೈತರು. ಇವರೆಲ್ಲರ ಜೊತೆಗೆ, ಎಲ್ಲ ಕಡೆ ಇರುವಂತೆ, ಸಕ್ಕರೆ ಕಾಯಿಲೆ ಮತ್ತು ಬಿಪಿ.

ಇಂಥ ಕಾಯಿಲೆಗಳ ಒಂದು ಗುಣವನ್ನು ಗಮನಿಸಬೇಕು. ಅವು ವಾಸಿಯಾಗುವುದಿಲ್ಲ, ಹತೋಟಿಯಲ್ಲಿರುತ್ತವೆ. ಹತೋಟಿ ಎಂದರೆ ಪ್ರತಿದಿನ ಮಾತ್ರೆ, ಅಥವಾ ಉಬ್ಬಸದವರಿಗೆ ಇನ್‌ಹೇಲರ್, ಜೀವನಪೂರ್ತಿ. ಬಡವರಿಗೆ ನೆರವಾಗಲೆಂದು ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ (2018) ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಯ ಭರವಸೆ ಕೊಡುತ್ತದೆ. ಇದು ಶ್ಲಾಘನೀಯವೇ. ಆದರೆ ಅದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರ ಯೋಜನೆ. ಮನೆಯಲ್ಲಿದ್ದುಕೊಂಡು ದಿನಕ್ಕೆ ಮೂರು ಮಾತ್ರೆ ನುಂಗುವ ಅಜ್ಜಿಯ ತಿಂಗಳ ಬಿಲ್ಲನ್ನು ಆ ಕಾರ್ಡು ಕಟ್ಟುವುದಿಲ್ಲ. ಹಣ ಸಾಲದೆ ಆಕೆ ಬಿಪಿ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗಲಾರಂಭಿಸುತ್ತಾಳೆ. ಮುಂದೊಂದು ದಿನ ಪಾರ್ಶ್ವವಾಯು ಬಡಿದಾಗ ಆ ಕಾರ್ಡು ಉಪಯೋಗಕ್ಕೆ ಬರುತ್ತದೆ! ಕೆಲವೇ ರೂಪಾಯಿಯ ಮಾತ್ರೆ ಸಿಗದೆ ಲಕ್ಷ ರೂಪಾಯಿಯ ಚಿಕಿತ್ಸೆ ಪಡೆಯುವ ಈ ವಿಪರ್ಯಾಸವೇ ನಮ್ಮ ವಿಷಯದ ತಿರುಳು.

ರಾಷ್ಟ್ರೀಯ ಆರೋಗ್ಯ ಲೆಕ್ಕಾಚಾರದ ಪ್ರಕಾರ 2013–14ರಲ್ಲಿ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇ. 64.2ನ್ನು ಜನರೇ ತಮ್ಮ ಕಿಸೆಯಿಂದ ಕೊಡುತ್ತಿದ್ದರು. 2021–22ರ ಹೊತ್ತಿಗೆ ಅದು ಶೇ. 39.4ಕ್ಕೆ ಇಳಿದಿದೆ. ಇಳಿದದ್ದು ಸಂತೋಷವೇ. ಆದರೂ ನೂರರಲ್ಲಿ ಸುಮಾರು ನಲುವತ್ತು ರೂಪಾಯಿ ರೋಗಿಯ ಮನೆಯಿಂದಲೇ ಹೋಗುತ್ತಿದೆ. ಅದರ ದೊಡ್ಡ ಪಾಲು ಸೇರುವುದು ಮೆಡಿಕಲ್ ಶಾಪಿಗೆ.

ಜೆನೆರಿಕ್ ಎಂದರೇನು?

ಪ್ರತಿ ಔಷಧಿಗೆ ಎರಡು ಹೆಸರು. ಒಂದು ಅದರೊಳಗಿರುವ ಮೂಲ ರಾಸಾಯನಿಕದ ಹೆಸರು. ಇನ್ನೊಂದು ಕಂಪನಿ ಇಟ್ಟ ಹೆಸರು. ಮೆಟ್‌ಫಾರ್ಮಿನ್ ಎಂಬುದು ಮೊದಲ ಬಗೆಯದು. ಅದೇ ಮೆಟ್‌ಫಾರ್ಮಿನ್ ಹತ್ತಾರು ಕಂಪನಿಗಳಿಂದ ಹತ್ತಾರು ಹೆಸರುಗಳಲ್ಲಿ, ಹತ್ತಾರು ಬೆಲೆಗಳಲ್ಲಿ ಬರುತ್ತದೆ. ಪೇಟೆಂಟ್ ಅವಧಿ ಮುಗಿದ ಔಷಧಿಯನ್ನು ಯಾವ ಕಂಪನಿಯೂ ಪರವಾನಿಗೆ ಪಡೆದು ತಯಾರಿಸಬಹುದು. ಸಂಶೋಧನೆಯ ಖರ್ಚು ಅದಕ್ಕಿಲ್ಲ. ಜಾಹೀರಾತು ಮತ್ತು ಪ್ರತಿನಿಧಿಗಳ ಖರ್ಚನ್ನೂ ಕಳೆದರೆ ಬೆಲೆ ಬಹಳಷ್ಟು ಇಳಿಯುತ್ತದೆ. ಇದೇ ಜೆನೆರಿಕ್‌ನ ಗುಟ್ಟು.

ಈ ವಿದ್ಯೆಯಲ್ಲಿ ಭಾರತ ಜಗತ್ತಿಗೇ ಉಪಕಾರ ಮಾಡಿದೆ. 1970ರ ಪೇಟೆಂಟ್ ಕಾಯಿದೆ ಔಷಧಿಗೆ ಬದಲು ಅದನ್ನು ತಯಾರಿಸುವ ವಿಧಾನಕ್ಕಷ್ಟೇ ಪೇಟೆಂಟ್ ಕೊಟ್ಟಿತು. ಇದರಿಂದ ನಮ್ಮ ಕಂಪನಿಗಳು ಬೆಳೆದವು. 2001ರಲ್ಲಿ ಸಿಪ್ಲಾ ಕಂಪನಿ ಎಚ್‌ಐವಿಯ ಮೂರು ಔಷಧಿಗಳನ್ನು ದಿನಕ್ಕೆ ಒಂದು ಡಾಲರಿಗಿಂತ ಕಡಿಮೆಗೆ ಕೊಡಲು ಮುಂದಾದಾಗ ಆಫ್ರಿಕಾದ ಬಡ ರೋಗಿಗಳಿಗೆ ಬದುಕುವ ದಾರಿ ತೆರೆಯಿತು. 2005ರಿಂದ ಔಷಧಿಗೇ ಪೇಟೆಂಟ್ ಕೊಡುವ ಕಾನೂನು ಬಂದರೂ, 2012ರ ಮಾರ್ಚ್‌ನಲ್ಲಿ ಕ್ಯಾನ್ಸರಿನ ಸೊರಾಫೆನಿಬ್ ಔಷಧಿಗೆ ಕಡ್ಡಾಯ ಪರವಾನಿಗೆ ನೀಡಿದಾಗ ತಿಂಗಳಿಗೆ ಸುಮಾರು 2.8 ಲಕ್ಷ ರೂಪಾಯಿಯಿದ್ದ ಬೆಲೆ 8,880 ರೂಪಾಯಿಗೆ ಇಳಿಯಿತು. ಹೊರದೇಶಗಳಿಗೆ ಅಗ್ಗದ ಔಷಧಿ ಕಳುಹಿಸುವ ನಾಡಿನಲ್ಲಿ ಕನಕಪುರದ ಕ್ವಾರಿ ಕಾರ್ಮಿಕನಿಗೆ ಔಷಧಿ ತುಟ್ಟಿಯಾಗಬೇಕೇ?

ಯೋಜನೆಯ ಹಾದಿ

ಜನೌಷಧಿ ಯೋಜನೆ ಆರಂಭವಾದದ್ದು 2008ರ ನವೆಂಬರಿನಲ್ಲಿ, ಯುಪಿಎ ಸರಕಾರದ ಕಾಲದಲ್ಲಿ. ಮೊದಲ ಮಳಿಗೆ ತೆರೆದದ್ದು ಅಮೃತಸರದಲ್ಲಿ. ಮೊದಲ ಆರೇಳು ವರ್ಷ ಅದು ಕುಂಟುತ್ತಾ ಸಾಗಿತು. ದೇಶದಾದ್ಯಂತ ಮಳಿಗೆಗಳು ನೂರರ ಆಸುಪಾಸಿನಲ್ಲೇ ಉಳಿದವು. 2015ರಲ್ಲಿ ಎನ್‌ಡಿಎ ಸರಕಾರ ಅದಕ್ಕೆ ಹೊಸ ರೂಪ ಕೊಟ್ಟಿತು. ಆಗ ರಸಗೊಬ್ಬರ ಮತ್ತು ರಾಸಾಯನಿಕ ಖಾತೆ ನಮ್ಮ ರಾಜ್ಯದವರೇ ಆದ ಅನಂತಕುಮಾರ್ ಅವರ ಕೈಯಲ್ಲಿತ್ತು. 2016ರಲ್ಲಿ ಅದು ಪ್ರಧಾನಮಂತ್ರಿ ಭಾರತೀಯ ಜನೌಷಧಿ ಪರಿಯೋಜನೆ ಎಂಬ ಹೆಸರು ಪಡೆಯಿತು. 2023ರ ನವೆಂಬರ್ 30ರಂದು ದೇಶದ 10,000ನೇ ಕೇಂದ್ರ ಉದ್ಘಾಟನೆಗೊಂಡಿತು. 2025ರ ಆರಂಭಕ್ಕೆ ಸಂಖ್ಯೆ 15,000 ತಲಪಿತು. ಕರ್ನಾಟಕದಲ್ಲೇ ಸಾವಿರಕ್ಕೂ ಹೆಚ್ಚು ಕೇಂದ್ರಗಳಿವೆ.

ಒಂದು ಪಕ್ಷದ ಸರಕಾರ ಬಿತ್ತಿದ್ದನ್ನು ಇನ್ನೊಂದು ಪಕ್ಷದ ಸರಕಾರ ಬೆಳೆಸಿದೆ ಎಂಬುದನ್ನು ನಾವು ಒತ್ತಿ ಹೇಳಬಯಸುತ್ತೇವೆ. ಏಕೆಂದರೆ ಇಂದು ಈ ಯೋಜನೆಯ ಬಗ್ಗೆ ಮಾತೆತ್ತಿದರೆ ಸಾಕು, ಯಾವ ಪಕ್ಷದವರು ಎಂದು ಕೇಳುವ ಪರಿಸ್ಥಿತಿ ಇದೆ.

ಬೆಲೆ ನಿಗದಿಯ ಕ್ರಮ ಸರಳ. ಒಂದು ಔಷಧಿಯ ಮೂರು ಪ್ರಮುಖ ಬ್ರಾಂಡುಗಳ ಸರಾಸರಿ ಬೆಲೆ ನೂರು ರೂಪಾಯಿ ಇದ್ದರೆ ಜನೌಷಧಿ ಕೇಂದ್ರದಲ್ಲಿ ಅದು ಐವತ್ತನ್ನು ಮೀರುವಂತಿಲ್ಲ. ಅನೇಕ ಔಷಧಿಗಳಲ್ಲಿ ಇಳಿಕೆ ಇನ್ನೂ ಹೆಚ್ಚು. ಸುವಿಧಾ ಎಂಬ ಸ್ಯಾನಿಟರಿ ಪ್ಯಾಡ್ 2019ರ ಆಗಸ್ಟ್‌ನಿಂದ ಒಂದಕ್ಕೆ ಒಂದು ರೂಪಾಯಿಗೆ ಸಿಗುತ್ತಿದೆ. ಬಡ ಮನೆಯ ಹೆಣ್ಣುಮಕ್ಕಳಿಗೆ ಇದು ಸಣ್ಣ ವಿಷಯವಲ್ಲ.

ಉಚಿತವೋ, ಅಗ್ಗವೋ?

ಇನ್ನೊಂದು ಕಡೆ ರಾಜ್ಯ ಸರಕಾರದ ಉಚಿತ ಔಷಧಿಯ ವ್ಯವಸ್ಥೆ ಇದೆ. ಸರಕಾರಿ ಆಸ್ಪತ್ರೆಗಳಿಗೆ ಬೇಕಾದ ಔಷಧಿಯನ್ನು ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ ಖರೀದಿಸಿ ಹಂಚುತ್ತದೆ. ರಾಮನಗರದ ಜಿಲ್ಲಾಸ್ಪತ್ರೆ, ಉಳಿದ ತಾಲೂಕು ಆಸ್ಪತ್ರೆಗಳು, ಹಳ್ಳಿಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಎಲ್ಲವೂ ಇದನ್ನೇ ಅವಲಂಬಿಸಿವೆ. 2024ರ ಅಕ್ಟೋಬರಿನಲ್ಲಿ ಕೋಲಾರದಲ್ಲಿ ಆರಂಭವಾದ ಗೃಹ ಆರೋಗ್ಯ ಯೋಜನೆ ಮನೆಬಾಗಿಲಿಗೇ ಹೋಗಿ ಸಕ್ಕರೆ ಕಾಯಿಲೆ, ಬಿಪಿ ತಪಾಸಣೆ ಮಾಡಿ ಔಷಧಿ ಕೊಡುವ ಉದ್ದೇಶದ್ದು.

2025ರ ಮೇ ತಿಂಗಳಲ್ಲಿ ಈ ಎರಡು ದಾರಿಗಳು ಮುಖಾಮುಖಿಯಾದವು. ಸರಕಾರಿ ಆಸ್ಪತ್ರೆಗಳ ಆವರಣದೊಳಗಿನ ಜನೌಷಧಿ ಕೇಂದ್ರಗಳನ್ನು ಮುಚ್ಚಲು ರಾಜ್ಯ ಸರಕಾರ ಆದೇಶ ಹೊರಡಿಸಿತು. ಆಸ್ಪತ್ರೆಯಲ್ಲಿ ಔಷಧಿ ಉಚಿತವಾಗಿ ಸಿಗಬೇಕು, ಅಲ್ಲೇ ಹಣಕ್ಕೆ ಮಾರುವ ಅಂಗಡಿ ಏಕೆ ಎಂಬುದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರ ವಾದದ ಸಾರ. ಅಗ್ಗದ ಔಷಧಿಯ ಬಾಗಿಲು ಮುಚ್ಚಿದರೆ ಬಡವರಿಗೆ ಅನ್ಯಾಯ ಎಂದು ವಿರೋಧ ಪಕ್ಷದವರೂ ಕೇಂದ್ರ ನಡೆಸುವವರೂ ಆಕ್ಷೇಪಿಸಿದರು. ವಿಷಯ ಹೈಕೋರ್ಟಿನ ಧಾರವಾಡ ಪೀಠದ ಮೆಟ್ಟಿಲೇರಿ, 2025ರ ಜುಲೈಯಲ್ಲಿ ಆದೇಶಕ್ಕೆ ಮಧ್ಯಂತರ ತಡೆ ದೊರೆಯಿತು. ಕಾನೂನಿನ ಪ್ರಶ್ನೆ ನ್ಯಾಯಾಲಯಕ್ಕೆ ಸೇರಿದ್ದು. ನಾವು ರೋಗಿಯ ಬದಿಯಿಂದ ನೋಡೋಣ.

ಸರಕಾರದ ವಾದದಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. ಗೇಟಿನ ಬಳಿ ಅಗ್ಗದ ಅಂಗಡಿ ಇದ್ದರೆ, ಒಳಗಿನ ಕೌಂಟರಿನಲ್ಲಿ ಔಷಧಿ ಮುಗಿದಾಗ ಚೀಟಿ ಬರೆದು ಹೊರಗೆ ಕಳುಹಿಸುವುದು ಸುಲಭ. ಕ್ರಮೇಣ ಒಳಗಿನ ಕೊರತೆಗೆ ಯಾರೂ ಉತ್ತರ ಹೇಳಬೇಕಾಗಿಲ್ಲ. ಕೈಯಲ್ಲಿ ಏನೂ ಇಲ್ಲದವನಿಗೆ ಅಗ್ಗವೂ ತುಟ್ಟಿಯೇ. ತಮಿಳುನಾಡು 1990ರ ದಶಕದಿಂದ ಔಷಧಿ ಖರೀದಿ ನಿಗಮದ ಮೂಲಕ, ರಾಜಸ್ಥಾನ 2011ರಿಂದ ಉಚಿತ ಔಷಧಿ ಯೋಜನೆಯ ಮೂಲಕ ಉಚಿತ ಹಂಚಿಕೆ ಸಾಧ್ಯವೆಂದು ತೋರಿಸಿಕೊಟ್ಟಿವೆ.

ಆದರೆ ಈ ವಾದ ನಿಲ್ಲಬೇಕಾದರೆ ಒಂದು ಷರತ್ತು ಇದೆ: ಒಳಗಿನ ಕೌಂಟರು ತುಂಬಿರಬೇಕು. ಮಾಗಡಿಯ ಹಳ್ಳಿಯಿಂದ ಬಸ್ಸು ಹಿಡಿದು, ಒಂದು ದಿನದ ಕೂಲಿ ಬಿಟ್ಟು ತಾಲೂಕು ಆಸ್ಪತ್ರೆಗೆ ಬಂದವನಿಗೆ ‘ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ’ ಎಂದರೆ ಉಚಿತ ಎಂಬ ಮಾತಿಗೆ ಬೆಲೆ ಏನು? ಆಗ ಆತನ ಮುಂದಿರುವುದು ಎರಡೇ ದಾರಿ, ಪೂರ್ತಿ ಬೆಲೆಯ ಮೆಡಿಕಲ್ ಶಾಪು ಇಲ್ಲವೇ ಬರಿಗೈ. ಅದಲ್ಲದೆ, ಖಾಸಗಿ ವೈದ್ಯರ ಬಳಿ ಹೋಗುವ ಬಡವರೂ ಇದ್ದಾರೆ. ಆಸ್ಪತ್ರೆಯ ಉಚಿತ ಕೌಂಟರು ಅವರ ಚೀಟಿಯನ್ನು ಸ್ವೀಕರಿಸುವುದಿಲ್ಲ. ಅವರಿಗೆ ಉಳಿಯುವುದು ಜನೌಷಧಿಯೇ. ಆದ್ದರಿಂದ ಉಚಿತವೋ ಅಗ್ಗವೋ ಎಂಬ ಪ್ರಶ್ನೆಯೇ ಸರಿಯಲ್ಲ. ಒಳಗೆ ಉಚಿತವಾಗಿರಲಿ, ಹೊರಗೆ ಅಗ್ಗವಾಗಿರಲಿ. ಒಳಗೆ ಔಷಧಿ ಮುಗಿದ ದಿನ ಯಾವ ಔಷಧಿ, ಎಷ್ಟು ದಿನದಿಂದ ಇಲ್ಲ ಎಂಬುದನ್ನು ಆಸ್ಪತ್ರೆಯ ಗೋಡೆಯ ಮೇಲೆ ಬರೆದು ಹಾಕಲಿ. ಮುಚ್ಚುವ ಆದೇಶಕ್ಕಿಂತ ಇಂಥ ಒಂದು ಆದೇಶ ಬಡವನಿಗೆ ಹೆಚ್ಚು ಉಪಕಾರ ಮಾಡೀತು.

ಈ ನಾಲ್ಕು ತಾಲೂಕುಗಳು ಸೇರಿರುವ ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರದಿಂದ 2024ರಲ್ಲಿ ಆರಿಸಿ ಬಂದವರು ಹೃದ್ರೋಗ ತಜ್ಞ ಡಾ. ಸಿ.ಎನ್. ಮಂಜುನಾಥ್. ಜಯದೇವ ಸಂಸ್ಥೆಯ ನಿರ್ದೇಶಕರಾಗಿದ್ದಾಗ ಬಡ ರೋಗಿಗೆ ಚಿಕಿತ್ಸೆ ಮೊದಲು, ಹಣ ಆಮೇಲೆ ಎಂಬ ಕ್ರಮ ಪಾಲಿಸಿ ಹೆಸರಾದವರು. ಕನಕಪುರದ ಶಾಸಕ ಡಿ.ಕೆ. ಶಿವಕುಮಾರ್ ರಾಜ್ಯ ಕಾಂಗ್ರೆಸ್ಸಿನ ಮುಂಚೂಣಿಯ ನಾಯಕರು. ಕೇಂದ್ರದ ಯೋಜನೆ, ರಾಜ್ಯದ ಯೋಜನೆ ಎರಡಕ್ಕೂ ದನಿಯಿರುವ ಇಂಥ ಜಿಲ್ಲೆಯಲ್ಲೇ ಎರಡೂ ಕೈಜೋಡಿಸಿ ನಡೆಯಲಾಗದಿದ್ದರೆ ಬೇರೆಲ್ಲಿ ಸಾಧ್ಯ?

ಚೀಟಿಯಲ್ಲಿರುವ ಬೀಗ

ಅಂಗಡಿ ತೆರೆದರಷ್ಟೇ ಸಾಲದು. ಬೀಗ ಇರುವುದು ವೈದ್ಯರ ಚೀಟಿಯಲ್ಲಿ. ವೈದ್ಯರು ಬ್ರಾಂಡಿನ ಹೆಸರು ಬರೆದರೆ, ಷೆಡ್ಯೂಲ್ ಎಚ್‌ಗೆ ಸೇರಿದ ಔಷಧಿಗಳಲ್ಲಿ ಫಾರ್ಮಾಸಿಸ್ಟ್ ತಾನಾಗಿ ಇನ್ನೊಂದನ್ನು ಕೊಡುವಂತಿಲ್ಲ. ಒಳಗಿರುವ ರಾಸಾಯನಿಕ ಒಂದೇ ಆದರೂ ಔಷಧ ನಿಯಮ ಅದನ್ನು ಒಪ್ಪುವುದಿಲ್ಲ. 1975ರಲ್ಲೇ ಹಾಥಿ ಸಮಿತಿ ಬ್ರಾಂಡ್ ಹೆಸರುಗಳನ್ನು ಹಂತಹಂತವಾಗಿ ಕೈಬಿಡಬೇಕೆಂದು ಹೇಳಿತ್ತು. 2016ರಲ್ಲಿ ಭಾರತೀಯ ವೈದ್ಯಕೀಯ ಮಂಡಳಿ ಜೆನೆರಿಕ್ ಹೆಸರನ್ನು ಸ್ಪಷ್ಟ ಅಕ್ಷರಗಳಲ್ಲಿ ಬರೆಯಬೇಕೆಂದು ನಿಯಮ ತಿದ್ದಿತು. 2023ರ ಆಗಸ್ಟಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇನ್ನೂ ಬಿಗಿಯಾದ ನಿಯಮ ತಂದಿತು. ಭಾರತೀಯ ವೈದ್ಯಕೀಯ ಸಂಘ ವಿರೋಧಿಸಿದ ಮೇಲೆ ಅದೇ ತಿಂಗಳಲ್ಲಿ ತಡೆಹಿಡಿಯಿತು.

ವೈದ್ಯರ ಅಳುಕು ನಿರಾಧಾರವಲ್ಲ. ಎಲ್ಲ ಕಂಪನಿಗಳ ಗುಣಮಟ್ಟ ಒಂದೇ ಇರುವುದಿಲ್ಲ, ಆಯ್ಕೆ ವೈದ್ಯರ ಕೈಯಿಂದ ಅಂಗಡಿಯವರ ಕೈಗೆ ಹೋಗುತ್ತದೆ ಎಂದು ಅವರು ಹೇಳುತ್ತಾರೆ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಒಬ್ಬರ ಹಿಂದೊಬ್ಬರು ಮೃತಪಟ್ಟಾಗ ಸಂಶಯ ಬಿದ್ದದ್ದು ಸರಕಾರಿ ಸರಬರಾಜಿನ ಡ್ರಿಪ್ ದ್ರಾವಣದ ಮೇಲೆ; ಸರಕಾರ ಅದರ ಬಳಕೆಯನ್ನು ನಿಲ್ಲಿಸಬೇಕಾಯಿತು. ಬಡವರ ಔಷಧಿ ಎಂದರೆ ಕಳಪೆ ಔಷಧಿ ಎಂದಾಗಬಾರದು. ಜನೌಷಧಿಗೆ ಬರುವ ಪ್ರತಿ ಬ್ಯಾಚನ್ನು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷಿಸುವ ನಿಯಮವಿದೆ. ಈ ಪರೀಕ್ಷೆಗಳ ಫಲಿತಾಂಶ ಜನರಿಗೆ ಅರ್ಥವಾಗುವಂತೆ, ಕನ್ನಡದಲ್ಲಿ ಪ್ರಕಟವಾದರೆ ವೈದ್ಯರ ಸಂಶಯವೂ ಜನರ ಭಯವೂ ಕಡಿಮೆಯಾದೀತು. ಗುಣಮಟ್ಟದ ಪ್ರಶ್ನೆಗೆ ಉತ್ತರ ಹೆಚ್ಚು ಪರೀಕ್ಷೆಯೇ ಹೊರತು ಹೆಚ್ಚು ಬೆಲೆಯಲ್ಲ.

ಇನ್ನೊಂದು ಎಚ್ಚರಿಕೆಯ ಮಾತು. ಜೆನೆರಿಕ್ ಎಂಬ ಬೋರ್ಡು ಕಂಡ ಕೂಡಲೇ ಅಗ್ಗವೆಂದು ನಂಬಬೇಡಿ. ಕೆಲವು ಜೆನೆರಿಕ್ ಔಷಧಿಗಳು ಅಂಗಡಿಯವರಿಗೆ ಬಹಳ ಕಡಿಮೆಗೆ ಬಂದರೂ ಪೊಟ್ಟಣದ ಮೇಲೆ ದೊಡ್ಡ ಬೆಲೆ ಅಚ್ಚಾಗಿರುತ್ತದೆ. ಅದರಲ್ಲಿ ಶೇ. 20 ಕಡಿತ ಕೊಟ್ಟರೂ ಲಾಭ ಅವರದೇ. ಕಡಿತ ಎಷ್ಟು ಎಂದು ನೋಡದೆ, ಕೊನೆಗೆ ನಾವು ಕೊಡುವ ಹಣ ಎಷ್ಟು ಎಂದು ನೋಡಬೇಕು.

ನಮ್ಮ ಧರ್ಮಕೇಂದ್ರಗಳಲ್ಲಿ ಏನು ಮಾಡಬಹುದು?

ಪ್ರಿಯ ಓದುಗರೇ, ರಾಮನಗರದ ಮಾತು ಇಷ್ಟು ಹೊತ್ತು ಆಡಿದ್ದು ನಮ್ಮ ಮನೆಯಂಗಳಕ್ಕೆ ಬರಲೆಂದೇ. ನಮ್ಮ ಕರಾವಳಿಯಲ್ಲಿ ಆಸ್ಪತ್ರೆಗಳಿಗೆ ಕೊರತೆಯಿಲ್ಲ. ಆದರೆ ಮಕ್ಕಳು ಪರವೂರಿನಲ್ಲಿದ್ದು, ಒಂಟಿಯಾಗಿ ಮಾತ್ರೆಗಳ ಡಬ್ಬಿಯೊಂದಿಗೆ ಬದುಕುವ ಹಿರಿಯರು ನಮ್ಮ ಪ್ರತಿ ವಾಳೆಯಲ್ಲೂ ಇದ್ದಾರೆ. ಸಂತ ವಿನ್ಸೆಂಟ್ ದಿ ಪೌಲ್ ಸಭೆಯ ಬಂಧುಗಳಿಗೆ ಇದು ಗೊತ್ತಿದೆ: ಸಹಾಯಕ್ಕಾಗಿ ಬರುವ ಅರ್ಜಿಗಳಲ್ಲಿ ಔಷಧಿಯ ಬಿಲ್ಲು ಮತ್ತೆ ಮತ್ತೆ ಬರುತ್ತದೆ. ಅದೇ ಹಣದಲ್ಲಿ ಜನೌಷಧಿ ಕೇಂದ್ರದಿಂದ ಔಷಧಿ ತಂದರೆ ಒಬ್ಬರ ಬದಲು ಇಬ್ಬರಿಗೆ ನೆರವಾಗಬಹುದಲ್ಲವೇ?

ಗುರಿಕಾರರು ಮತ್ತು ಸ್ತ್ರೀ ಸಂಘಟನೆಯವರು ತಮ್ಮ ವಾಳೆಯ ಹಿರಿಯರ ಚೀಟಿಗಳನ್ನು ಒಮ್ಮೆ ನೋಡಲಿ. ಜನೌಷಧಿ ಸುಗಮ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಹತ್ತಿರದ ಕೇಂದ್ರ ಎಲ್ಲಿದೆ, ಬೆಲೆಯ ವ್ಯತ್ಯಾಸ ಎಷ್ಟು ಎಂಬುದು ಸಿಗುತ್ತದೆ. ಯುವಜನರು ಇದನ್ನು ಹಿರಿಯರಿಗೆ ಹುಡುಕಿ ಕೊಡಬಹುದು. ಆದರೆ ವೈದ್ಯರನ್ನು ಕೇಳದೆ ಯಾರ ಔಷಧಿಯನ್ನೂ ಬದಲಾಯಿಸಬಾರದು. ಫಿಟ್ಸ್, ಥೈರಾಯ್ಡ್, ರಕ್ತ ತೆಳುಗೊಳಿಸುವ ಔಷಧಿಗಳಲ್ಲಿ ಸಣ್ಣ ವ್ಯತ್ಯಾಸವೂ ತೊಂದರೆ ಕೊಡಬಹುದು. ವೈದ್ಯರ ಬಳಿ ಹೋದಾಗ ‘ಡಾಕ್ಟ್ರೇ, ಜೆನೆರಿಕ್ ಹೆಸರು ಬರೆದು ಕೊಡ್ತೀರಾ?’ ಎಂದು ವಿನಯದಿಂದ ಕೇಳಲು ಹಿಂಜರಿಯಬೇಕಾಗಿಲ್ಲ. ಅದು ರೋಗಿಯ ಹಕ್ಕು. ನಮ್ಮ ಸಮುದಾಯದಲ್ಲೇ ಎಷ್ಟೋ ಮಂದಿ ವೈದ್ಯರಿದ್ದಾರೆ. ಅವರು ಮೊದಲ ಹೆಜ್ಜೆ ಇಟ್ಟರೆ ಉಳಿದವರಿಗೆ ದಾರಿ ಸುಲಭ.

ಕೇಂದ್ರ ತೆರೆಯುವುದೂ ಅಸಾಧ್ಯದ ಮಾತಲ್ಲ. ಸಂಘ ಸಂಸ್ಥೆಗಳು, ಟ್ರಸ್ಟ್‌ಗಳು ಅರ್ಜಿ ಹಾಕಬಹುದು. ಸುಮಾರು 120 ಚದರ ಅಡಿ ಜಾಗ, ನೋಂದಾಯಿತ ಫಾರ್ಮಾಸಿಸ್ಟ್ ಮತ್ತು ಔಷಧಿ ಮಾರಾಟದ ಪರವಾನಿಗೆ ಬೇಕು. 2023ರಲ್ಲಿ ಪ್ರಾಥಮಿಕ ಸಹಕಾರಿ ಸಂಘಗಳಿಗೂ ಅವಕಾಶ ಕೊಡಲಾಯಿತು. ಊರೂರಲ್ಲಿ ವ್ಯವಸಾಯ ಸೇವಾ ಸಹಕಾರಿ ಸಂಘಗಳಿರುವ ನಮ್ಮ ಜಿಲ್ಲೆಗಳಿಗೆ ಇದು ಹೇಳಿ ಮಾಡಿಸಿದಂತಿದೆ. ಪೇಟೆಯಲ್ಲಿ ಒಂದರ ಪಕ್ಕ ಇನ್ನೊಂದು ಕೇಂದ್ರ ತೆರೆಯುವುದಕ್ಕಿಂತ ಬಸ್ಸು ಕಡಿಮೆಯಿರುವ ಒಳನಾಡಿನ ಊರಿನಲ್ಲಿ ಒಂದು ತೆರೆಯುವುದು ಮೇಲು. ರಾಮನಗರ ಮತ್ತು ಚನ್ನಪಟ್ಟಣಕ್ಕೆ ರೈಲಿದೆ, ಹೆದ್ದಾರಿಯಿದೆ. ಕನಕಪುರ, ಮಾಗಡಿಗಳ ದೂರದ ಹಳ್ಳಿಯವರಿಗೆ ಅಗ್ಗದ ಮಾತ್ರೆಗಿಂತ ಬಸ್ಸಿನ ಟಿಕೆಟೇ ಹೆಚ್ಚಾಗಬಹುದು. ನಮ್ಮ ಘಟ್ಟದ ಬುಡದ ಊರುಗಳ ಕಥೆಯೂ ಇದೇ.

ಸರಕಾರಗಳು ಬರುತ್ತವೆ, ಹೋಗುತ್ತವೆ, ಯೋಜನೆಗಳ ಹೆಸರು ಬದಲಾಗುತ್ತದೆ. ಬಿಪಿ ಮಾತ್ರೆ ಮಾತ್ರ ನಾಳೆ ಬೆಳಿಗ್ಗೆಯೂ ಬೇಕು. ರೇಷ್ಮೆ ನೂಲು ತೆಗೆಯುವ ತಾಯಿಗೂ, ನಮ್ಮ ವಾಳೆಯ ಒಂಟಿ ಅಜ್ಜಿಗೂ ಅದು ತಪ್ಪದೆ ಸಿಗುತ್ತಿದೆಯೇ ಎಂದು ನೋಡಿಕೊಳ್ಳುವ ಹೊಣೆ ಸರಕಾರದ್ದಂತೂ ಹೌದು. ನೆರೆಯವರಾದ ನಮ್ಮದೂ ಅಲ್ಲವೇ?